ಅಲೆದಾಟ, ಕಾಯುವಿಕೆ, ಕಿಟಕಿ: ಕಷ್ಟಕಾಲದ ಮಡಿಕೇರಿಯಲ್ಲಿ ಬೀದಿ ಛಾಯಾಗ್ರಹಣದ ಮೂರು ಬಗೆ

ಬೀದಿ ಛಾಯಾಗ್ರಹಣದ ಹೋಲಿಕೆಗಳು ಬಹುಪಾಲು ಕ್ಯಾಮೆರಾಗಳ ಹೋಲಿಕೆಗಳಾಗಿರುತ್ತವೆ. ಯಾವ ಲೆನ್ಸು ಚುರುಕು, ಯಾವುದರ ಬೆಲೆ ಕಡಿಮೆ, ಯಾವುದು ಕಿಸೆಯಲ್ಲಿ ಹಿಡಿಸುತ್ತದೆ ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ನಾನು ಇಲ್ಲಿ ಹೋಲಿಸಹೊರಟಿರುವುದು ಬೀದಿಯ ಎದುರು ಛಾಯಾಗ್ರಾಹಕ ನಿಲ್ಲುವ ಮೂರು ಬಗೆಗಳನ್ನು: ಜನರ ನಡುವೆ ಅಲೆಯುತ್ತ ತೆಗೆಯುವುದು, ಒಂದೇ ಕಡೆ ಕೂತು ಕಾಯುವುದು, ಮನೆಯ ಕಿಟಕಿಯಿಂದ ನೋಡುವುದು. ಕ್ಯಾಮೆರಾದ ಮಾತು ಅಗತ್ಯವಿದ್ದಷ್ಟೇ ಬರುತ್ತದೆ.

ಈ ಮೂರನ್ನೂ ನಾನು ಮಾಡಿ ನೋಡಿದ್ದು ಕೊಡಗಿಗೆ ಒಳ್ಳೆಯ ಕಾಲವಲ್ಲದ ವರ್ಷಗಳಲ್ಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಬೆಟ್ಟಗಳು ಜರಿದು ತೋಟ, ಗದ್ದೆ, ಮನೆಗಳು ಮಣ್ಣಿನಡಿ ಸೇರಿದವು, ಮಂಗಳೂರಿನ ರಸ್ತೆ ಕಡಿದುಹೋಯಿತು. 2019ರ ಮಳೆಗಾಲದಲ್ಲಿ ಮತ್ತೆ ಪ್ರವಾಹ, ಮತ್ತೆ ಕುಸಿತ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ಎಳೆದುಕೊಂಡು ಹೋಯಿತು. ಪ್ರವಾಸಿಗರನ್ನು ನೆಚ್ಚಿಕೊಂಡಿದ್ದ ಕೆಲಸ ನನ್ನದು. ಆದ್ದರಿಂದ ಬೆಟ್ಟ ಜರಿದಾಗಲೂ ರೋಗ ಬಂದಾಗಲೂ ಸಂಬಳ ನಿಲ್ಲುವುದು ಒಂದೇ ರೀತಿಯಲ್ಲಿತ್ತು, ಕೈಯಲ್ಲಿ ಬೇಡವಾದಷ್ಟು ಬಿಡುವು ಉಳಿಯುತ್ತಿತ್ತು. ಇಂಥ ಬಿಡುವಿನಲ್ಲಿ ಮಾಡುವ ಛಾಯಾಗ್ರಹಣವನ್ನು ಎಷ್ಟು ಒಳ್ಳೆಯ ಚಿತ್ರ ಸಿಕ್ಕಿತು ಎಂಬ ಒಂದೇ ಅಳತೆಯಿಂದ ಅಳೆಯಲು ಬರುವುದಿಲ್ಲ. ನನ್ನ ಪ್ರಶ್ನೆ ಬೇರೆ ಇತ್ತು: ಯಾವ ಬಗೆಯಲ್ಲಿ ತೆಗೆದಾಗ ಆ ದಿನಕ್ಕೆ ಏನಾದರೂ ಅರ್ಥವಿದೆ ಎನಿಸಿತು, ಮತ್ತು ಅದಕ್ಕಾಗಿ ಎದುರಿಗಿದ್ದವರಿಗೆ ಎಷ್ಟು ಕಿರುಕುಳವಾಯಿತು?

ಮೊದಲು ಅಲೆದಾಟ. ಮಡಿಕೇರಿಯ ಶುಕ್ರವಾರದ ಸಂತೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ತೋಟದ ಲೈನ್ ಮನೆಗಳಿಂದ ಬಂದ ಕಾರ್ಮಿಕರು, ಮೈಸೂರು ಹಾಗೂ ಹುಣಸೂರು ಕಡೆಯ ತರಕಾರಿ ವ್ಯಾಪಾರಿಗಳು, ಒಣಮೀನಿನ ರಾಶಿಗಳು, ಮಳೆ ಹಿಡಿದ ಮೇಲೆ ಕಣಿಲೆ, ಕೆಸುವಿನ ಎಲೆ, ಕಾಡಿನ ಅಣಬೆ, ಕತ್ತಿಗಳನ್ನು ಸಾಲಾಗಿ ಹರವಿಕೊಂಡವರು, ಕೊಡೆ ರಿಪೇರಿಯವರು ಎಲ್ಲರೂ ಒಂದು ಇಕ್ಕಟ್ಟಿನಲ್ಲಿ ಸೇರುತ್ತಾರೆ. ಇಲ್ಲಿ ನಾನು ಬಳಸಿದ್ದು 28 ಮಿ.ಮೀ.ನಷ್ಟು ಅಗಲ ನೋಟದ, ಜೂಮ್ ಇಲ್ಲದ ಸ್ಥಿರ ಲೆನ್ಸು ಮತ್ತು ಎಪಿಎಸ್-ಸಿ ಅಳತೆಯ (ಮೊಬೈಲಿನದಕ್ಕಿಂತ ಬಹಳ ದೊಡ್ಡ) ಸೆನ್ಸರ್ ಇರುವ, ಅಂಗೈಯಲ್ಲಿ ಅಡಗುವ ಡಿಜಿಟಲ್ ಕ್ಯಾಮೆರಾ. ಅದರ ಫೋಕಸನ್ನು ಎರಡು ಮೀಟರಿಗೆ ಕಟ್ಟಿ, ಅಪರ್ಚರನ್ನು (ಬೆಳಕು ಒಳಬರುವ ಕಿಂಡಿಯನ್ನು) ಎಫ್/8ರಷ್ಟು ಕಿರಿದಾಗಿ ಇಟ್ಟುಬಿಟ್ಟರೆ ಸುಮಾರು ಒಂದು ಮೀಟರಿನಿಂದ ಆಚೆಗಿರುವುದೆಲ್ಲ ಬೇಕಾದಷ್ಟು ಸ್ಪಷ್ಟವಾಗಿ ಮೂಡುತ್ತದೆ. ಕ್ಯಾಮೆರಾ ಫೋಕಸಿಗಾಗಿ ತಡಕಾಡುವ ಪ್ರಮೇಯವೇ ಇರುವುದಿಲ್ಲ; ನೋಡಿದೆ, ಒತ್ತಿದೆ, ಮುಂದೆ ನಡೆದೆ ಎಂಬಂತೆ ಕೆಲಸ ಸಾಗುತ್ತದೆ. ಇದೇ ಕೆಲಸವನ್ನು 50 ಮಿ.ಮೀ. ಲೆನ್ಸಿನ ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಮಾಡಹೋದರೆ, ಅದೇ ಎಫ್/8ರಲ್ಲಿ ಮೂರು ಮೀಟರಿಗೆ ಫೋಕಸ್ ಮಾಡಿದಾಗ ಸ್ಪಷ್ಟವಾಗಿ ಬರುವುದು ಹೆಚ್ಚುಕಡಿಮೆ ಎರಡೂಕಾಲು ಮೀಟರಿನಿಂದ ನಾಲ್ಕೂಕಾಲು ಮೀಟರಿನವರೆಗಿನ ಜಾಗ ಮಾತ್ರ. ಸಂತೆಯ ನೂಕುನುಗ್ಗಲಿನಲ್ಲಿ ಅಷ್ಟು ಸಣ್ಣ ಜಾಗಕ್ಕೆ ಜನರನ್ನು ಹೊಂದಿಸಿಕೊಳ್ಳುವುದು ಆಗದ ಮಾತು.

ಸಂತೆಯಲ್ಲಿ ಎದುರಾಗುವ ದೊಡ್ಡ ತೊಡಕು ನೀಲಿ ಟಾರ್ಪಾಲು. ಅದರಡಿ ಕೂತವರ ಮುಖ, ಟೊಮೆಟೊ, ತಕ್ಕಡಿ ಎಲ್ಲವೂ ನೀಲಿಗಟ್ಟಿರುತ್ತವೆ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಎಷ್ಟು ತಿರುಗಿಸಿದರೂ ಚರ್ಮದ ಬಣ್ಣ ಸರಿಹೋಗದು, ಏಕೆಂದರೆ ಒಂದೇ ಚೌಕಟ್ಟಿನಲ್ಲಿ ಟಾರ್ಪಾಲಿನ ಬೆಳಕೂ ಅಂಚಿನಿಂದ ಬರುವ ಬಯಲಿನ ಬೆಳಕೂ ಬೆರೆತಿರುತ್ತವೆ. ಬಹಳ ಮಂದಿ ಇದಕ್ಕೆ ಕಂಡುಕೊಂಡಿರುವ ಸುಲಭದ ಪರಿಹಾರ ಕಪ್ಪುಬಿಳುಪು. ನಾನು ಆ ನೀಲಿಯನ್ನು ಹಾಗೆಯೇ ಉಳಿಸಿಕೊಂಡೆ. 2018ರ ಬಳಿಕ ಅದೇ ಟಾರ್ಪಾಲು ಬರೆ (ಕಡಿದಾದ ಮಣ್ಣಿನ ದಂಡೆ) ಜರಿಯದಿರಲೆಂದು ಮನೆಗಳ ಹಿಂದಿನ ಮಣ್ಣಿನ ಮೇಲೆಯೂ, ಹೆಂಚು ಹಾರಿದ ಮಾಡುಗಳ ಮೇಲೆಯೂ ಹಾಸಿತ್ತು. ಸಂತೆಯ ಚಿತ್ರದಲ್ಲಿ ಆ ಬಣ್ಣ ಇದ್ದರೆ ಚಿತ್ರ ಯಾವ ಊರಿನದು, ಯಾವ ಕಾಲದ್ದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಲೆದಾಟದ ನಿಜವಾದ ಲಾಭ ಮನಸ್ಸಿನದು. ಕಾಲು ನಡೆಯುತ್ತಿರುವಾಗ, ಕಣ್ಣು ಮುಂದಿನ ತಿರುವನ್ನು ಹುಡುಕುತ್ತಿರುವಾಗ ಬ್ಯಾಂಕಿನ ಕಂತಿನ ಯೋಚನೆಗೆ ಅಲ್ಲಿ ಜಾಗವೇ ಇರುವುದಿಲ್ಲ. ಆದರೆ ರಾತ್ರಿ ಕೂತು ಚಿತ್ರಗಳನ್ನು ನೋಡಿದಾಗ ಅಲ್ಲಿರುತ್ತಿದ್ದುದು ಚತುರವಾದ ಹೊಂದಿಕೆಗಳು: ಕುಂಬಳಕಾಯಿಯ ಪಕ್ಕ ಬೋಳುತಲೆ, ಜಾಹೀರಾತಿನ ನಗುಮುಖದ ಕೆಳಗೆ ಆಕಳಿಸುವ ವ್ಯಾಪಾರಿ. ಇಂಥವನ್ನು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೂ ತೆಗೆಯಬಹುದು, ಎಲ್ಲಿಯೂ ತೆಗೆಯಬಹುದು. ಇನ್ನೊಂದು ವಿಷಯ ಇದಕ್ಕಿಂತ ಹೆಚ್ಚು ಕಾಡಿತು. ಕಷ್ಟಕಾಲದಲ್ಲಿ ಸಂತೆಯ ಮುಖಗಳ ಮೇಲೆ ಲೆಕ್ಕಾಚಾರ ಎದ್ದು ಕಾಣುತ್ತದೆ. ಅರ್ಧ ಕಿಲೋ ಎಂದವಳು ಕೈಯಲ್ಲಿನ ನೋಟು ನೋಡಿ ಕಾಲು ಕಿಲೋ ಸಾಕು ಎನ್ನುವ ಗಳಿಗೆ ಅಲೆಯುವವನಿಗೆ ಒಳ್ಳೆಯ ಚಿತ್ರ. ಆಕೆಗೆ ಅದು ಯಾರೂ ನೋಡಬಾರದಾಗಿದ್ದ ಗಳಿಗೆ. ಅಲೆಯುವವನು ಅದನ್ನು ತೆಗೆದುಕೊಂಡು ಮುಂದೆ ಹೋಗಿಬಿಡುತ್ತಾನೆ.

ಈ ಪ್ರಶ್ನೆ ಹೊಸತೇನಲ್ಲ. ಅಮೆರಿಕದ ಆರ್ಥಿಕ ಮಹಾಕುಸಿತದ ಕಾಲದಲ್ಲಿ, 1936ರಲ್ಲಿ, ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೊ ಬಳಿಯ ಬಟಾಣಿ ಕೀಳುವವರ ಬಿಡಾರದಲ್ಲಿ ಒಬ್ಬ ತಾಯಿ ಮತ್ತು ಮಕ್ಕಳ ಚಿತ್ರ ತೆಗೆದರು. ಕಷ್ಟಕಾಲದ ಚಿತ್ರ ಎಂದರೆ ಇಂದಿಗೂ ಜಗತ್ತು ಮೊದಲು ನೆನೆಯುವುದು ಅದನ್ನೇ. ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಹೊರಬಂದದ್ದು 1978ರಲ್ಲಿ, ಮತ್ತು ಆಗ ಆಕೆ ಆ ಚಿತ್ರದಿಂದ ತನಗೆ ಏನೂ ದೊರೆಯಲಿಲ್ಲ ಎಂಬ ಅಸಮಾಧಾನವನ್ನು ಮುಚ್ಚಿಡಲಿಲ್ಲ. ಚಿತ್ರದ ಹಿರಿಮೆಗೆ ಇದರಿಂದ ಕುಂದಿಲ್ಲ, ಅದು ಸರ್ಕಾರದ ಕಣ್ಣು ತೆರೆಸಲೆಂದು ತೆಗೆದ ಚಿತ್ರ. ಆದರೆ ನನ್ನಂಥವನು ತನ್ನ ಮನಸ್ಸಿನ ನೆಮ್ಮದಿಗಾಗಿ ತೆಗೆಯುವಾಗ ಆ ಸಮರ್ಥನೆಯೂ ಇರುವುದಿಲ್ಲ.

ಎರಡನೆಯ ಬಗೆ ಕಾಯುವಿಕೆ. ಇದಕ್ಕೆ ನಾನು ಆರಿಸಿಕೊಂಡಿದ್ದು ಖಾಸಗಿ ಬಸ್ ನಿಲ್ದಾಣವನ್ನು. ಕೊಡಗಿನ ಹಳ್ಳಿಗಳನ್ನು ಊರಿಗೆ ಜೋಡಿಸಿರುವುದು ಬಹುಮಟ್ಟಿಗೆ ಖಾಸಗಿ ಬಸ್ಸುಗಳೇ. ನಾಪೋಕ್ಲು, ಭಾಗಮಂಡಲ, ಸಿದ್ದಾಪುರ, ಸೋಮವಾರಪೇಟೆ, ವಿರಾಜಪೇಟೆ ಎಂದು ಬೋರ್ಡು ಹೊತ್ತ ಬಸ್ಸುಗಳು ಬಂದು, ಹತ್ತಿಸಿಕೊಂಡು, ಹೋಗುವ ನಡುವೆ ನಿಲ್ದಾಣ ತುಂಬುತ್ತದೆ, ಖಾಲಿಯಾಗುತ್ತದೆ. ಇಲ್ಲಿ ಛಾಯಾಗ್ರಾಹಕ ಕದಲಬೇಕಾಗಿಲ್ಲ, ಲೋಕವೇ ಕದಲುತ್ತದೆ. ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸೋನ್ ಅವರನ್ನು ಗಳಿಗೆಯನ್ನು ಹೊಂಚಿ ಹಿಡಿಯುವ ಬೇಟೆಗಾರ ಎಂದೇ ಜನ ಬಣ್ಣಿಸುತ್ತಾರಾದರೂ ಚೌಕಟ್ಟನ್ನು ಮೊದಲು ಆರಿಸಿ, ಅದರೊಳಕ್ಕೆ ಬರುವವರಿಗಾಗಿ ಕಾಯುವ ಅಭ್ಯಾಸ ಅವರಿಗೂ ಇತ್ತು. 1932ರಲ್ಲಿ ಇಯೇರ್ ಎಂಬ ಊರಿನಲ್ಲಿ ಅವರು ತೆಗೆದ, ಸುರುಳಿ ಮೆಟ್ಟಿಲಿನ ಕೆಳಗೆ ಸೈಕಲ್ ಸವಾರನೊಬ್ಬ ಹಾದುಹೋಗುವ ಚಿತ್ರವನ್ನು ನೋಡಿದರೆ ಮೆಟ್ಟಿಲು ಮೊದಲು, ಸವಾರ ಆಮೇಲೆ ಎಂಬುದು ಯಾರಿಗಾದರೂ ಹೊಳೆಯುತ್ತದೆ.

ಕಾಯುವಾಗ ಮೊಬೈಲು ಸಾಕು. ಕ್ಯಾಮೆರಾ ತೆಗೆದರೆ ಇಡೀ ಸಾಲು ತಿರುಗಿ ನೋಡುತ್ತದೆ. ಮೊಬೈಲು ಹಿಡಿದು ಕೂತವನನ್ನು ಬಸ್ ನಿಲ್ದಾಣದಲ್ಲಿ ಯಾರೂ ಲೆಕ್ಕಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಮಂಜು ಕವಿದ ದಿನ ಮೊಬೈಲು ಅದನ್ನು ದೋಷವೆಂದು ತಿಳಿದು ತಿದ್ದಲು ಹೊರಡುತ್ತದೆ, ಮಬ್ಬನ್ನು ಕಡಿದು, ಅಂಚುಗಳನ್ನು ಚೂಪುಮಾಡಿ, ಮಡಿಕೇರಿಯ ಜುಲೈಯನ್ನು ಬಯಲುಸೀಮೆಯ ಮೋಡದ ದಿನವನ್ನಾಗಿಸಿಬಿಡುತ್ತದೆ. ಎಚ್‌ಡಿಆರ್ (ಬೆಳಕು-ನೆರಳನ್ನು ಸಮಮಾಡುವ ಸೌಲಭ್ಯ) ಆಫ್ ಮಾಡಿ, ಸಾಧ್ಯವಿದ್ದರೆ ರಾ ಕಡತವಾಗಿ (ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ) ತೆಗೆದು, ಎಕ್ಸ್‌ಪೋಷರನ್ನು ಮುಕ್ಕಾಲು ಅಥವಾ ಒಂದು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಏರಿಸಬೇಕು. ಬೆಳಕಿನ ಮೀಟರು ಕಂಡದ್ದನ್ನೆಲ್ಲ ನಡುಬೂದು ಬಣ್ಣಕ್ಕೆ ಇಳಿಸುವ ಲೆಕ್ಕದಲ್ಲಿ ಕೆಲಸ ಮಾಡುತ್ತದೆ, ಹಾಗಾಗಿ ಏರಿಸದಿದ್ದರೆ ಬೆಳ್ಳಗಿರಬೇಕಾದ ಮಂಜು ಕೊಳಕು ಬೂದಿಯಂತೆ ಕಾಣುತ್ತದೆ. ಈ ತೊಡಕು ಎಲ್ಲ ಕ್ಯಾಮೆರಾಗಳಿಗೂ ಇದೆ.

ಕಾಯುವಿಕೆಯ ಮೊದಲ ದಿನಗಳು ನೀರಸ. ಅಲೆದಾಟದಲ್ಲಿ ಒಂದು ಗಂಟೆಗೆ ಸಿಗುವಷ್ಟು ಇಲ್ಲಿ ಒಂದು ವಾರಕ್ಕೂ ಸಿಗುವುದಿಲ್ಲ. ಮನಸ್ಸು ಖಾಲಿ ಇರುವುದರಿಂದ ಮನೆಯ ಚಿಂತೆಗಳೂ ಪಕ್ಕದಲ್ಲೇ ಬಂದು ಕೂರುತ್ತವೆ. ಆ ಬಳಿಕ ಬದಲಾಗುವುದು ನಿಲ್ದಾಣವಲ್ಲ, ನೋಡುವವನಿಗೆ ಅಲ್ಲಿನ ಜನ ಗುರುತಾಗತೊಡಗುತ್ತಾರೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬೆಳಗಿನ ಬಸ್ಸಿಗೆ ಪತ್ರಿಕೆಯ ಕಟ್ಟು ಏರಿಸುವವರು, ಒಂದೇ ಕೊಡೆಯಲ್ಲಿ ಮೂವರು ಬರುವ ಶಾಲೆಯ ಹುಡುಗಿಯರು, ಚೀಲದಲ್ಲಿ ಕಾಳುಮೆಣಸಿನ ಬಳ್ಳಿ ತುಂಬಿಕೊಂಡು ಊರಿಗೆ ಹೊರಟ ದಂಪತಿ ಮತ್ತೆ ಮತ್ತೆ ಕಾಣುತ್ತಾರೆ. ಒಬ್ಬರು ಬರದ ದಿನ ಬರಲಿಲ್ಲವಲ್ಲ ಎಂದು ಅನಿಸುತ್ತದೆ. ಬೆಟ್ಟ ಜರಿದ ವರ್ಷದಲ್ಲಿ ಈ ಅನಿಸಿಕೆಗೆ ತೂಕವಿತ್ತು. ರಸ್ತೆ ಕಡಿದಿದ್ದ ಕಡೆಗಳ ಬಸ್ಸು ಬಾರದಿದ್ದಾಗ ನಿಲ್ದಾಣದ ಒಂದು ಮೂಲೆಯೇ ಖಾಲಿ ಕಾಣುತ್ತಿತ್ತು, ಮತ್ತೆ ಆ ಬೋರ್ಡಿನ ಬಸ್ಸು ಬಂದು ನಿಂತ ದಿನ ತೆಗೆದ ಚಿತ್ರ, ಬರೀ ಒಂದು ಬಸ್ಸಿನ ಮುಂಭಾಗದ ಚಿತ್ರ, ನನ್ನ ಎಲ್ಲ ಸಂತೆಯ ಚಿತ್ರಗಳಿಗಿಂತ ಹೆಚ್ಚು ಹೇಳುತ್ತದೆಂದು ನಾನು ಈಗಲೂ ನಂಬಿದ್ದೇನೆ. ಬೇರೆಯವರಿಗೆ ಅದು ಬಸ್ಸಿನ ಚಿತ್ರವಷ್ಟೆ ಎಂಬುದೂ ನಿಜ. ಕಾಯುವಿಕೆಯ ಚಿತ್ರಗಳು ಒಂಟಿಯಾಗಿ ಸೊರಗುತ್ತವೆ, ಸಾಲಾಗಿ ಜೋಡಿಸಿದಾಗ ಮಾತನಾಡುತ್ತವೆ.

ಹೀಗೆ ಕೂತವನನ್ನು ಜನರೂ ಗುರುತು ಹಿಡಿಯುತ್ತಾರೆ. ಭಾಗಮಂಡಲದ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಒಂದು ದಿನ ನೇರವಾಗಿ ಕೇಳಿದರು: "ಎಂತಕ್ಕೆ ಮಗ, ಈ ಹಾಳು ಮಳೆಯ ಫೋಟೋ ತೆಗೀತೀಯಾ? ಪೇಪರಿಗಾ?" ಪೇಪರಿಗಲ್ಲ ಅಜ್ಜಿ, ಸುಮ್ಮನೆ ಎಂದೆ. "ಸುಮ್ಮನೆ ಆದ್ರೆ ತೆಗಿ. ಪೇಪರಿಗಾದ್ರೆ ನಾನು ಒಳ್ಳೆ ಸೀರೆ ಉಟ್ಟಿಲ್ಲ" ಎಂದರು. ಆಮೇಲೆ ಬಸ್ಸು ಬರುವವರೆಗೆ ತಮ್ಮ ಮನೆಯ ಹಿಂದಿನ ಬರೆ ಎಷ್ಟು ಜರಿದಿದೆ, ಈ ಸಲ ಕಾಫಿ ಎಷ್ಟು ಉದುರಿತು ಎಂಬುದನ್ನೆಲ್ಲ ಹೇಳಿದರು. ಅಲೆದಾಟದಲ್ಲಿ ಇಂಥ ಮಾತಿಗೆ ಎಡೆಯೇ ಇಲ್ಲ. ಮೈಸೂರಿನವರಾದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿ ಸಾಮಾನ್ಯರು ಕ್ಯಾಮೆರಾಕ್ಕೆ ಬೆದರದೆ ತಮ್ಮ ಪಾಡಿಗೆ ತಾವಿರುವುದನ್ನು ಕಾಣುತ್ತೇವೆ. ಆ ನಿರಾಳ ಎಲ್ಲಿಂದ ಬರುತ್ತದೆ ಎಂದು ನಾನು ಬಹಳ ದಿನ ತಲೆಕೆಡಿಸಿಕೊಂಡಿದ್ದೆ. ಅದರ ಒಂದಂಶವಾದರೂ ಛಾಯಾಗ್ರಾಹಕ ಅವಸರದಲ್ಲಿಲ್ಲ ಎಂಬುದು ಎದುರಿನವರಿಗೆ ತಿಳಿದಿರುವುದರಿಂದ ಬರುತ್ತದೆ ಎಂಬುದು ನನ್ನ ತಿಳಿವಳಿಕೆ.

ಮೂರನೆಯದು ಕಿಟಕಿ. ಲಾಕ್‌ಡೌನಿನಲ್ಲಿ ಬಸ್ಸೂ ಇಲ್ಲ, ಸಂತೆಯೂ ಇಲ್ಲ. ಉಳಿದಿದ್ದು ಇದೊಂದೇ ಆದ್ದರಿಂದ ಈ ಹೋಲಿಕೆಯಲ್ಲಿ ಕಿಟಕಿಗೆ ಸ್ವಲ್ಪ ರಿಯಾಯಿತಿ ಕೊಡಬೇಕಾಗುತ್ತದೆ. ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿಯೂ ಅಷ್ಟೆ, ದಿನಗಟ್ಟಲೆ ಬಿಡದೆ ಸುರಿಯುವಾಗ ಹೊರಗೆ ಹೋಗುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. ಮಹಡಿಯ ಕಿಟಕಿಯಿಂದ ಬೀದಿ ನೋಡಿದರೆ ಕಾಣುವುದು ಕೊಡೆಗಳ ನೆತ್ತಿ, ನೀರು ಹರಿಯುವ ಚರಂಡಿ, ಅರ್ಧ ತೆರೆದ ಅಂಗಡಿಯ ಷಟರು. ಮೊದಲಿಗೆ ಇದು ಚೆಂದವೇ. ಆದರೆ ಮೇಲಿನಿಂದ ನೋಡಿದಾಗ ಮನುಷ್ಯರು ಬೇಗ ಆಕಾರಗಳಾಗಿಬಿಡುತ್ತಾರೆ, ಅವರ ಮುಖ ತಪ್ಪಿಹೋಗುತ್ತದೆ. ಮುಖ ಬೇಕೆಂದು ಉದ್ದದ ಟೆಲಿ ಲೆನ್ಸು ಹಾಕಿದರೆ ನೆರೆಹೊರೆಯವರ ಮೇಲೆ ಕಣ್ಣಿಟ್ಟಂತಾಗುತ್ತದೆ. ಅದೂ ಲಾಕ್‌ಡೌನಿನ ದಿನಗಳಲ್ಲಿ ಯಾರು ಹೊರಗೆ ಬಂದರು, ಯಾರು ಮಾಸ್ಕ್ ಹಾಕಿಲ್ಲ ಎಂದು ಲೆಕ್ಕವಿಡುವ ಕಣ್ಣುಗಳು ಊರಲ್ಲಿ ಬೇಕಾದಷ್ಟಿದ್ದವು. ಅವರ ಸಾಲಿಗೆ ಸೇರಲು ನನಗೆ ಮನಸ್ಸಿರಲಿಲ್ಲ.

ಕಿಟಕಿಯಿಂದ ದೊಡ್ಡ ಕೆಲಸ ಮಾಡಿದವರಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಚೆಕ್ ಛಾಯಾಗ್ರಾಹಕ ಯೋಸೆಫ್ ಸುಡೆಕ್, ಪ್ರಾಗ್ ನಗರ ನಾಜಿಗಳ ಹಿಡಿತದಲ್ಲಿದ್ದ ವರ್ಷಗಳಲ್ಲಿ ತಮ್ಮ ಸ್ಟುಡಿಯೋದ ಕಿಟಕಿಯನ್ನೇ ಚಿತ್ರಿಸಲು ತೊಡಗಿ ವರ್ಷಗಳ ಕಾಲ ಅದನ್ನು ಬಿಡಲಿಲ್ಲ. ಬೀದಿ ಛಾಯಾಗ್ರಹಣದ ಹಿರಿಯರಲ್ಲೊಬ್ಬರಾದ ಆಂಡ್ರೆ ಕೆರ್ಟೆಸ್, 1977ರಲ್ಲಿ ಪತ್ನಿ ತೀರಿಕೊಂಡ ಬಳಿಕ, ನ್ಯೂಯಾರ್ಕಿನ ತಮ್ಮ ಮನೆಯ ಕಿಟಕಿಯ ಬಳಿ ಗಾಜಿನ ಚಿಕ್ಕ ಪ್ರತಿಮೆಗಳನ್ನು ಇಟ್ಟು ಪೋಲರಾಯ್ಡ್ ಕ್ಯಾಮೆರಾದಲ್ಲಿ ತೆಗೆದರು. ಇವರಿಬ್ಬರ ಚಿತ್ರಗಳನ್ನು ಹತ್ತಿರದಿಂದ ನೋಡಿದಾಗ ತಿಳಿಯುವುದೆಂದರೆ ಅವರಿಗೆ ಹೊರಗಿನ ಬೀದಿಗಿಂತ ಗಾಜೇ ಮುಖ್ಯವಾಗಿತ್ತು: ಅದರ ಮೇಲಿನ ಇಬ್ಬನಿ, ಹಿಮ, ಅದರೊಳಗೆ ಮುರಿಯುವ ಬೆಳಕು. ಹೀಗೆ ನೋಡಿದರೆ ಮಡಿಕೇರಿಯ ಮಳೆಗಾಲದ ಕಿಟಕಿ ಬಹಳ ಸಿರಿವಂತ. ಒಳಗಿನ ಬಿಸಿಯುಸಿರಿಗೆ ಗಾಜು ಮಂಜಾಗುತ್ತದೆ, ಹನಿ ಇಳಿದ ಜಾಡಿನಲ್ಲಿ ಮಾತ್ರ ಎದುರು ಅಂಗಡಿಯ ಕೆಂಪು ಬೋರ್ಡು ಸ್ಪಷ್ಟವಾಗುತ್ತದೆ. ಫೋಕಸನ್ನು ಗಾಜಿನ ಮೇಲಿಟ್ಟು, ಅಪರ್ಚರನ್ನು ಪೂರ್ತಿ ತೆರೆದು ತೆಗೆಯುವುದು ಇದಕ್ಕೆ ಸರಿಯಾದ ಕ್ರಮ. ಸಂಕಟದ ದಿನಗಳಲ್ಲಿ ಇದು ಕೈ ಹಿಡಿದು ನಡೆಸಿತು ಎಂಬುದನ್ನು ಒಪ್ಪುತ್ತೇನೆ, ಆದರೆ ಅದನ್ನು ಬೀದಿ ಛಾಯಾಗ್ರಹಣ ಎನ್ನಲಾರೆ. ಬೀದಿಯಿಂದ ನಮಗೆ ಸಿಗಬೇಕಾದದ್ದು ಇನ್ನೊಬ್ಬರ ಬದುಕು. ಗಾಜಿನಲ್ಲಿ ಸಿಗುವುದು ನಮ್ಮದೇ ಏಕಾಂತ.

ಫಿಲ್ಮಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಚಿಕ್ಕಪ್ಪನ ಕಾಲದ ಎಸ್‌ಎಲ್‌ಆರ್ ಫಿಲ್ಮ್ ಕ್ಯಾಮೆರಾ ಒಂದು ಮನೆಯಲ್ಲಿತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ರೋಲುಗಳು ಸಲೀಸಾಗಿ ಸಿಗುತ್ತಿದ್ದ ದಿನಗಳನ್ನು ಚಿಕ್ಕಪ್ಪ ಈಗಲೂ ನೆನೆಯುತ್ತಾರೆ. ಈಗ ವಿದೇಶಿ ರೋಲು ತರಿಸಬೇಕು, 36 ಚಿತ್ರ ಮುಗಿಯುವವರೆಗೆ ಕಾಯಬೇಕು, ತೊಳೆಯಲು ಬೆಂಗಳೂರಿಗೆ ಕೊರಿಯರ್ ಮಾಡಬೇಕು. ಫಿಲ್ಮು ತಾಳ್ಮೆ ಕಲಿಸುತ್ತದೆ, ಕಷ್ಟಕಾಲಕ್ಕೆ ಅದೇ ಮದ್ದು ಎಂದು ಹೇಳುವವರನ್ನು ಕೇಳಿದ್ದೇನೆ. ನನ್ನ ಅನುಭವ ಇದಕ್ಕೆ ವಿರುದ್ಧ. ದಿನ ಭಾರವಾಗಿದ್ದಾಗ ಅಂದೇ ರಾತ್ರಿ ನೋಡಲು ಒಂದು ಚಿತ್ರ ಬೇಕಾಗುತ್ತದೆ. ಮೂರು ವಾರದ ಬಳಿಕ ಬಂದ ಚಿತ್ರದಲ್ಲಿ ಆ ದಿನ ತಣ್ಣಗಾಗಿರುತ್ತದೆ. ಸಂಬಳವಿಲ್ಲದ ತಿಂಗಳಲ್ಲಿ ರೋಲಿನ ಬೆಲೆಯನ್ನು ತಾಳ್ಮೆಯ ಪಾಠದ ಶುಲ್ಕವೆಂದು ಭಾವಿಸುವುದು ಕಷ್ಟ. ಇದರ ಮೇಲೆ ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಡಿಜಿಟಲ್ ಆಗಲಿ ಫಿಲ್ಮ್ ಆಗಲಿ, ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡದ ಲೆನ್ಸು ಕೊಡಗಿನಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ, ಮತ್ತು ಬ್ಯಾಗಿನ ಚರ್ಮ, ಬಟ್ಟೆಗಳೂ ಬೂಷ್ಟನ್ನು ಸಾಕುವುದರಿಂದ ಬ್ಯಾಗಿನಲ್ಲೇ ಇಟ್ಟು ಮರೆಯುವುದು ಎಲ್ಲಕ್ಕಿಂತ ಕೆಟ್ಟದ್ದು.

ಬಣ್ಣವೋ ಕಪ್ಪುಬಿಳುಪೋ ಎಂಬುದು ಮೂರೂ ಬಗೆಗಳಿಗೆ ಸೇರಿದ ಪ್ರಶ್ನೆ. ಸಂಕಟವೆಂದರೆ ಕಪ್ಪುಬಿಳುಪು ಎಂಬ ನಂಬಿಕೆ ಗಟ್ಟಿಯಾಗಿದೆ. ಕಪ್ಪುಬಿಳುಪು ಎಲ್ಲ ಬಡತನವನ್ನೂ ಹಳೆಯ ಕಾಲದ್ದಾಗಿಸಿ, ನೋಡುವವನಿಗೆ ಒಂದು ಸುರಕ್ಷಿತ ದೂರವನ್ನು ಕೊಡುತ್ತದೆ ಎಂಬುದು ನನ್ನ ತಕರಾರು. ಹಸಿರು ಬೆಟ್ಟದ ನಡುವೆ ಸೀಳಿದಂತೆ ಕಾಣುವ ಕೆಂಪು ಮಣ್ಣನ್ನು ಬೂದುಮಾಡಿದರೆ 2018 ನಡೆದೇ ಇಲ್ಲವೆಂದಂತೆ. ಭಾರತದ ಬೀದಿಗಳನ್ನು ಬಣ್ಣದಲ್ಲಿಯೇ ಚಿತ್ರಿಸುತ್ತ ಬಂದ ಛಾಯಾಗ್ರಾಹಕ ರಘುಬೀರ್ ಸಿಂಗ್, ಬಣ್ಣ ಈ ನೆಲದ ನೋಟದೊಳಗೇ ಇದೆ ಎಂಬ ನಿಲುವಿನವರಾಗಿದ್ದರು. ಮೆಣಸಿನಕಾಯಿಯ ರಾಶಿಯ ಎದುರು ನಿಂತಾಗಲೆಲ್ಲ ಅದು ಸರಿಯೆನಿಸುತ್ತದೆ. ಒಂದು ವಿನಾಯಿತಿ ಮಂಜಿನ ಬೆಳಗು. ಅಲ್ಲಿ ಬಣ್ಣ ತಾನಾಗಿಯೇ ಹಿಂದೆ ಸರಿದಿರುತ್ತದೆ, ತೆಗೆದರೂ ಉಳಿದರೂ ವ್ಯತ್ಯಾಸ ಕಡಿಮೆ.

ಈ ಎಲ್ಲದರ ಬಳಿಕ ನಾನು ಉಳಿಸಿಕೊಂಡಿರುವುದು ಕಾಯುವಿಕೆಯನ್ನು. ಮನಸ್ಸು ತೀರ ಕುಗ್ಗಿದ್ದು, ಒಂದು ಕಡೆ ಕೂರಲಾರೆ ಎನಿಸುವ ದಿನ ಸಂತೆಯಲ್ಲಿ ಅಲೆಯುವುದೇ ವಾಸಿ ಎಂದು ಈಗಲೂ ಹೇಳುತ್ತೇನೆ. ಅಂಥ ದಿನ ವ್ಯಾಪಾರದ ವಸ್ತುಗಳನ್ನು, ಕೈಗಳನ್ನು, ಬೆನ್ನುಗಳನ್ನು ತೆಗೆದರೆ ಯಾರಿಗೂ ನೋವಿಲ್ಲ. ಕಾಯುವಿಕೆಯಲ್ಲಿ ಮಾತ್ರ ಸಾಧ್ಯವಾದದ್ದು ಚಿತ್ರವನ್ನು ಅದರಲ್ಲಿರುವವರಿಗೇ ಹಿಂತಿರುಗಿಸುವುದು. ಸಂತೆಯಲ್ಲಿ ಕಂಡವರನ್ನು ಮತ್ತೆ ಎಲ್ಲಿ ಹುಡುಕುವುದು? ನಿಲ್ದಾಣದವರು ನಾಳೆಯೂ ಅದೇ ಬಸ್ಸಿಗೆ ಬರುತ್ತಾರೆ. ಊರಿನ ಸ್ಟುಡಿಯೋದಲ್ಲಿ ನಾಲ್ಕು ಇಂಚಿಗೆ ಆರು ಇಂಚಿನ ಪ್ರಿಂಟು ಹಾಕಿಸಿ ಕೈಯಲ್ಲಿಡುವುದು ಒಂದು ಚಹಾದ ಖರ್ಚಿಗಿಂತ ಬಹಳ ದೊಡ್ಡದೇನಲ್ಲ. ಅಜ್ಜಿ ತಮ್ಮ ಪ್ರಿಂಟನ್ನು ನೋಡಿ, ಸೀರೆಯ ಬಗ್ಗೆ ತಾವು ಹೇಳಿದ್ದೇ ಸರಿಯೆಂದರು.

ಇದರಿಂದ ಹುಟ್ಟಿಕೊಂಡಿರುವ ತೊಂದರೆಯನ್ನೂ ಹೇಳಬೇಕು. ಪ್ರಿಂಟು ಸಿಗುತ್ತದೆ ಎಂದು ಗೊತ್ತಾದ ಮೇಲೆ ಜನ ಪೋಸು ಕೊಡುತ್ತಾರೆ. ಕಂಡಕ್ಟರ್ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ಕನ್ನಡಕ ಸರಿಮಾಡಿಕೊಳ್ಳುತ್ತಾರೆ, ಹುಡುಗಿಯರು ಕೊಡೆ ಮಡಚಿ ಸಾಲಾಗಿ ನಿಲ್ಲುತ್ತಾರೆ. ಬೀದಿ ಛಾಯಾಗ್ರಹಣದ ಶಾಸ್ತ್ರದ ಪ್ರಕಾರ ಇವು ಲೆಕ್ಕಕ್ಕಿಲ್ಲದ ಚಿತ್ರಗಳು. ಅವನ್ನೂ ತೆಗೆಯುತ್ತೇನೆ, ಪ್ರಿಂಟು ಹಾಕಿಸಿ ಕೊಡುತ್ತೇನೆ, ಆದರೆ ಬೇರೆ ಫೋಲ್ಡರಿನಲ್ಲಿಡುತ್ತೇನೆ. ಈಚೆಗೆ ಆ ಫೋಲ್ಡರೇ ಹೆಚ್ಚು ತುಂಬುತ್ತಿದೆ.